ಕ್ಲಾಸಿನ ನಗುವನ್ನು ಜಪಾನಿನ ಸಮ್ಮೇಳನಕ್ಕೆ ಒಯ್ಯುವುದು ಹೇಗೆ

ಜಪಾನಿ ಭಾಷೆ ಕಲಿಸುವ ನಮ್ಮ ಸಂಜೆ ಕ್ಲಾಸಿಗೆ ಸಾಫ್ಟ್‌ವೇರ್ ಕಂಪನಿಯವರು ಬರುತ್ತಾರೆ, ಬಿಡದಿ ಕಡೆಯ ಕಾರ್ಖಾನೆಗಳ ಎಂಜಿನಿಯರುಗಳು ಬರುತ್ತಾರೆ, ಜಪಾನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊರಟ ನರ್ಸುಗಳು ಬರುತ್ತಾರೆ. ಎಲ್ಲರೂ ದಿನದ ಕೆಲಸ ಮುಗಿಸಿ ಟ್ರಾಫಿಕ್ ದಾಟಿ ಬಂದವರು. ಅವರು ತೂಕಡಿಸದ ಹಾಗೆ ನೋಡಿಕೊಳ್ಳೋಕೆ ಜಪಾನಿ ಕಲಿಸುವ ಮೇಷ್ಟ್ರುಗಳೆಲ್ಲ ಒಂದಲ್ಲ ಒಂದು ತಮಾಷೆ ಮಾಡಿಯೇ ಇರುತ್ತೇವೆ, ಅಲ್ವಾ? ಅದು ಬರೀ ಹೊತ್ತು ಕಳೆಯುವ ಮಾತು ಅಂದರೆ ನಾನು ಒಪ್ಪುವುದಿಲ್ಲ. ಪರಭಾಷೆಯ ಜೋಕಿಗೆ ಸರಿಯಾದ ಹೊತ್ತಿಗೆ ನಗು ಬಂತು ಅಂದರೆ, ಆ ವಿದ್ಯಾರ್ಥಿ ಪದ, ವ್ಯಾಕರಣ, ದನಿ, ಸಂದರ್ಭ ನಾಲ್ಕನ್ನೂ ಒಂದೇ ಸಲಕ್ಕೆ ಹಿಡಿದಿದ್ದಾನೆ ಅಂತ ಅರ್ಥ. ಇದನ್ನು ವಿದ್ವಾಂಸರ ಮುಂದೆ ಇಡಬೇಕು. ನಮ್ಮ ಕಡೆಯಿಂದ ಇನ್ನೂ ಜಾಸ್ತಿ ಜನ ಇಡಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸಮ್ಮೇಳನಕ್ಕೆ ಜೋಕು ಒಯ್ದರೆ ಸಾಲದು. ಆ ಜೋಕು ಕೇಳಿದಾಗ ನಿಮ್ಮ ಕ್ಲಾಸಿನಲ್ಲಿ ಏನಾಯಿತು ಅನ್ನುವುದನ್ನು ಒಯ್ಯಬೇಕು. ಅದು ಕೈಯಲ್ಲಿದ್ದರೆ ಒಂದೇ ಪಾಠ ಹಾಸ್ಯ ಸಂಶೋಧಕರ ಸಭೆಗೂ ಸಲ್ಲುತ್ತದೆ, ಭಾಷಾ ಶಿಕ್ಷಕರ ಸಭೆಗೂ ಸಲ್ಲುತ್ತದೆ. ಕೇಳುವ ಪ್ರಶ್ನೆ ಮಾತ್ರ ಬದಲಾಗಬೇಕು.

ಸಭೆ ಯಾವುದು?

ಇಂಥ ವಿಷಯಕ್ಕೆ ಬಾಗಿಲು ತೆರೆದಿರುವ ಜಾಗ ಮುಖ್ಯವಾಗಿ ಮೂರು.

ಮೊದಲನೆಯದು ನಿಹೊಂಗೊ ಕ್ಯೋಯಿಕು ಗಕ್ಕಾಯ್, ಅಂದರೆ ಜಪಾನಿ ಭಾಷೆ ಕಲಿಸುವವರ ಸಂಘ. 1962ರಲ್ಲಿ ಶುರುವಾಯಿತು. ವರ್ಷಕ್ಕೆ ಎರಡು ದೊಡ್ಡ ಸಭೆ ನಡೆಸುತ್ತಾರೆ, ವಸಂತದಲ್ಲಿ ಒಂದು, ಎಲೆ ಉದುರುವ ಕಾಲದಲ್ಲಿ ಇನ್ನೊಂದು. ಇದರ ಜೊತೆಗೆ ಬೇರೆ ಬೇರೆ ದೇಶಗಳ ಶಿಕ್ಷಕರ ಸಂಘಗಳು ಕೂಡುವ ಅಂತಾರಾಷ್ಟ್ರೀಯ ಸಮ್ಮೇಳನ ಇದೆ. ಶಿಕ್ಷಕರು ಅದನ್ನು ಐಸಿಜೆಎಲ್‌ಇ ಅಂತಲೇ ಕರೆಯುವುದು. ಅದು ಊರೂರು ತಿರುಗುತ್ತದೆ. 2014ರಲ್ಲಿ ಸಿಡ್ನಿ, 2016ರಲ್ಲಿ ಬಾಲಿ, 2018ರಲ್ಲಿ ವೆನಿಸ್.

ಎರಡನೆಯದು ನಿಹೊನ್ ವರಾಯ್ ಗಕ್ಕಾಯ್, ನಗುವಿನ ಅಧ್ಯಯನದ ಸಂಘ. 1994ರಲ್ಲಿ ಒಸಾಕಾದಲ್ಲಿ ಹುಟ್ಟಿತು. ಕನ್ಸಾಯ್ ವಿಶ್ವವಿದ್ಯಾಲಯದ ಇನೊಉಎ ಹಿರೊಶಿ ಅದರ ಮೊದಲ ಅಧ್ಯಕ್ಷರು. ಇದರ ಸ್ವಭಾವವೇ ಬೇರೆ. ಪ್ರಾಧ್ಯಾಪಕರ ಪಕ್ಕದಲ್ಲಿ ವೈದ್ಯರು, ನರ್ಸುಗಳು, ವ್ಯಾಪಾರಸ್ಥರು, ವೇದಿಕೆಯ ಕಲಾವಿದರು ಕೂತಿರುತ್ತಾರೆ. ಆರೋಗ್ಯದ ಕಡೆಯ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಸಕ್ಕರೆ ಕಾಯಿಲೆಯ 19 ಮಂದಿಗೆ ಊಟವಾದ ಮೇಲೆ ಒಂದು ದಿನ ಪಾಠ, ಇನ್ನೊಂದು ದಿನ ಮಂಜಾಯ್ ಎಂಬ ಇಬ್ಬರ ಹಾಸ್ಯ ಸಂಭಾಷಣೆ ಕೇಳಿಸಿ, ನಕ್ಕ ದಿನ ರಕ್ತದ ಸಕ್ಕರೆ ಕಮ್ಮಿ ಏರಿತು ಅಂತ 2003ರಲ್ಲಿ ಪ್ರಕಟಿಸಿದವರು ಜಪಾನಿನ ಸಂಶೋಧಕರೇ. ಭಾರತದವರು ಅಂತ ಗೊತ್ತಾದರೆ 1995ರಲ್ಲಿ ಮುಂಬೈಯ ಪಾರ್ಕಿನಲ್ಲಿ ಮದನ್ ಕಟಾರಿಯಾ ಶುರುಮಾಡಿದ ನಗೆ ಯೋಗದ ಬಗ್ಗೆಯೂ ಕೇಳಬಹುದು. ಎರಡು ಮಾತು ಓದಿಕೊಂಡು ಹೋಗಿ.

ಮೂರನೆಯದು ಇಂಟರ್‌ನ್ಯಾಷನಲ್ ಸೊಸೈಟಿ ಫಾರ್ ಹ್ಯೂಮರ್ ಸ್ಟಡೀಸ್. ಹಾಸ್ಯದ ಬಗ್ಗೆ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ ನಡೆದದ್ದು 1976ರಲ್ಲಿ, ವೇಲ್ಸ್‌ನ ಕಾರ್ಡಿಫ್‌ನಲ್ಲಿ. 'ಹ್ಯೂಮರ್' ಎಂಬ ಪತ್ರಿಕೆ 1988ರಿಂದ ಬರುತ್ತಿದೆ. 2000ದಲ್ಲಿ ಈ ಸೊಸೈಟಿಯ ಸಮ್ಮೇಳನ ಒಸಾಕಾದಲ್ಲಿ, ಕನ್ಸಾಯ್ ವಿಶ್ವವಿದ್ಯಾಲಯದಲ್ಲೇ ನಡೆಯಿತು. ಇಲ್ಲಿನ ವ್ಯವಹಾರ ಇಂಗ್ಲಿಷಿನಲ್ಲಿ. ಜಪಾನಿಯಲ್ಲಿ ಭಾಷಣ ಮಾಡುವ ಧೈರ್ಯ ಇನ್ನೂ ಬಂದಿಲ್ಲ ಅನ್ನುವವರಿಗೆ ಇದು ಸಲೀಸು.

ಮೊದಲ ಸಲ ಹೋಗುವವರು ಶಿಕ್ಷಕರ ಸಭೆಯಲ್ಲಿ ಪೋಸ್ಟರ್, ಅಂದರೆ ನಿಮ್ಮ ಕೆಲಸವನ್ನು ಬರೆದ ದೊಡ್ಡ ಹಾಳೆ, ಇಡಿ ಅನ್ನುವುದು ನನ್ನ ಸಲಹೆ. ಪೋಸ್ಟರಿನ ಮುಂದೆ ನಿಂತರೆ ಒಬ್ಬೊಬ್ಬರೇ ಬಂದು ಮಾತಾಡಿಸುತ್ತಾರೆ. ಅರ್ಥವಾಗದಿದ್ದರೆ ಇನ್ನೊಂದು ಸಲ ಹೇಳಿ ಅಂತ ಕೇಳಬಹುದು. ವೇದಿಕೆಯ ಮೇಲೆ ಆ ಪುರಸೊತ್ತು ಸಿಗುವುದಿಲ್ಲ.

ವಿಷಯ ಅಂಗೈಯಷ್ಟಿರಲಿ

'ಭಾರತೀಯ ಹಾಸ್ಯ ಮತ್ತು ಜಪಾನಿ ಹಾಸ್ಯ: ಒಂದು ತೌಲನಿಕ ಅಧ್ಯಯನ' ಅಂತೆಲ್ಲ ಹೊರಡಬೇಡಿ. ಅದನ್ನು 20 ನಿಮಿಷದಲ್ಲಿ ಯಾರೂ ಹೇಳಲಾರರು. ಒಂದು ಜೋಕು, ಒಂದು ಕ್ಲಾಸು, ಒಂದು ಪ್ರಶ್ನೆ. ಅಷ್ಟು ಸಾಕು.

ಎನ್5, ಅಂದರೆ ಜಪಾನಿ ಭಾಷಾ ಪರೀಕ್ಷೆಯ ಮೊದಲ ಮೆಟ್ಟಿಲಿನ ಮಟ್ಟದವರಿಗೆ ಕೊಬನಾಶಿ ಒಳ್ಳೆಯದು. ಅಂದರೆ ಎರಡೇ ಸಾಲಿನ ಪುಟ್ಟ ನಗೆ ಮಾತು. ಜಪಾನಿನಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಹೀಗಿದೆ. ಒಬ್ಬ ಹೇಳುತ್ತಾನೆ: 'ತೊನಾರಿ ನೊ ಅಕಿಚಿ ನಿ ಕಕೊಯ್ ಗ ದೆಕಿತ ನೆ.' ಪಕ್ಕದ ಖಾಲಿ ಸೈಟಿಗೆ ಆವರಣ ಬಂತಲ್ಲ. ಇನ್ನೊಬ್ಬ ಹೇಳುತ್ತಾನೆ: 'ಹೇ.' ಹೌದಾ ಅಂತ ಅಚ್ಚರಿಪಡುವ ಉದ್ಗಾರವೂ ಹೇ, ಕಾಂಪೌಂಡ್ ಗೋಡೆಯೂ ಹೇ. ಇಷ್ಟೇ. ಆದರೆ ಆ 'ಹೇ' ಅನ್ನುವಾಗ ದನಿ ಎಷ್ಟು ಎಳೆಯಬೇಕು, ಎಲ್ಲಿ ಇಳಿಸಬೇಕು ಅಂತ ವಿದ್ಯಾರ್ಥಿಗಳು ಹತ್ತು ಸಲ ಹೇಳಿ ನೋಡುತ್ತಾರೆ. ಉಚ್ಚಾರಣೆಯ ಅಭ್ಯಾಸ ಯಾರೂ ಬಲವಂತ ಮಾಡದೆ ಆಗಿಹೋಗುತ್ತದೆ. ಕನ್ನಡದವರಿಗೆ ಎ-ಏ, ಒ-ಓ ಬೇರೆ ಬೇರೆ ಅಂತ ಹುಟ್ಟಿನಿಂದ ಗೊತ್ತು. ಹಿಂದಿ ಮನೆಮಾತಿನವರಿಗೆ ಈ ಜೋಡಿಗಳು ಹಾಗೆ ಸಿಗುವುದಿಲ್ಲ. ನಿಮ್ಮ ಕ್ಲಾಸಿನಲ್ಲಿ ಎರಡೂ ಮನೆಮಾತಿನವರು ಇದ್ದರೆ, ಇದೊಂದೇ ಒಳ್ಳೆಯ ಪೋಸ್ಟರ್ ಆಗುತ್ತದೆ.

ಸ್ವಲ್ಪ ಮುಂದೆ ಹೋದವರಿಗೆ 'ಮಂಜೂ ಕೊವಾಯ್' ಎಂಬ ಹಳೆಯ ರಕುಗೊ ಕಥೆ. ರಕುಗೊ ಅಂದರೆ ಒಬ್ಬನೇ ಕಲಾವಿದ ಜಬುತೊನ್ ಎಂಬ ದಿಂಬಿನ ಮೇಲೆ ಮಂಡಿಯೂರಿ ಕೂತು ಹೇಳುವ ಕಥೆ. ಕೈಯಲ್ಲಿ ಒಂದು ಬೀಸಣಿಗೆ, ಒಂದು ಕೈವಸ್ತ್ರ. ಮುಖ ಈ ಕಡೆ ತಿರುಗಿದರೆ ಒಂದು ಪಾತ್ರ, ಆ ಕಡೆ ತಿರುಗಿದರೆ ಇನ್ನೊಂದು. ಕಥೆಯಲ್ಲಿ ಗೆಳೆಯರೆಲ್ಲ ಸೇರಿ ತಮಗೆ ಯಾವುದು ಕಂಡರೆ ಭಯ ಅಂತ ಹೇಳಿಕೊಳ್ಳುತ್ತಾರೆ. ಹಾವು, ಜೇಡ ಹೀಗೆ. ಒಬ್ಬ ಮಾತ್ರ 'ನನಗೆ ಮಂಜೂ ಅಂದರೆ ಭಯ' ಅನ್ನುತ್ತಾನೆ. ಮಂಜೂ ಅಂದರೆ ಸಿಹಿ ಹೂರಣದ ತಿಂಡಿ. ಅವನನ್ನು ಹೆದರಿಸೋಣ ಅಂತ ಇವರು ಕೋಣೆ ತುಂಬ ಮಂಜೂ ತಂದು ಸುರಿಯುತ್ತಾರೆ. ಅವನು 'ಅಯ್ಯೋ ಭಯ' ಅನ್ನುತ್ತಲೇ ಎಲ್ಲ ತಿಂದು ಮುಗಿಸುತ್ತಾನೆ. 'ನಿಜವಾಗಿ ನಿನಗೆ ಯಾವುದು ಭಯ?' ಅಂತ ಕೇಳಿದರೆ, 'ಈಗ ಒಂದು ಲೋಟ ಬಿಸಿ ಟೀ ಅಂದರೆ ಭಯ' ಅನ್ನುತ್ತಾನೆ.

'ಇಂಥದ್ದು ಗ ಕೊವಾಯ್', ಅಂದರೆ ಇಂಥದ್ದು ಕಂಡರೆ ಭಯ, ಎಂಬ ಒಂದೇ ವಾಕ್ಯರಚನೆ ಕಥೆಯುದ್ದಕ್ಕೂ ಬರುತ್ತದೆ. ನಮ್ಮ ಕ್ಲಾಸಿನಲ್ಲಿ ಇದನ್ನು ಹೇಳಿಕೊಟ್ಟ ಮೇಲೆ ವಿದ್ಯಾರ್ಥಿಗಳು ತಾವೇ ಕಟ್ಟುತ್ತಾರೆ. 'ಮಸಾಲೆ ದೋಸೆ ಗ ಕೊವಾಯ್.' ಕೊನೆಯ ಸಾಲು ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಫಿಲ್ಟರ್ ಕಾಫಿ ಬಂದೇ ಬರುತ್ತದೆ.

ಇನ್ನೂ ಬೇರೆ ವಿಷಯ ಬೇಕಾದರೆ ನಮ್ಮ ಭಾಷೆಯಲ್ಲೇ ಹುಡುಕಿ. ಕನ್ನಡ, ಜಪಾನಿ ಎರಡರಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ, ಹೌದೋ ಅಲ್ಲವೋ ಅನ್ನುವುದೂ ಅಲ್ಲೇ ತೀರ್ಮಾನ. ವಾಕ್ಯದ ತುದಿಯಲ್ಲಿ ತಿರುವು ಕೊಡುವ ಜೋಕು ನಮ್ಮವರಿಗೆ ಹೇಗೆ ಕೇಳಿಸುತ್ತದೆ? ಥಳಥಳ, ಧಡಧಡ, ಪಿಳಿಪಿಳಿ ಅನ್ನುವ ನಾವು ಜಪಾನಿಯ ಪಿಕಪಿಕ (ಹೊಳಪು), ದೊಕಿದೊಕಿಯನ್ನು (ಎದೆಬಡಿತ) ಹೇಗೆ ಕಲಿಯುತ್ತೇವೆ? ವೇಷವಿಲ್ಲದೆ ಕೂತಲ್ಲೇ ಪಾತ್ರವಾಗುವ ತಾಳಮದ್ದಳೆ ನೋಡಿ ಬೆಳೆದ ವಿದ್ಯಾರ್ಥಿ ರಕುಗೊ ಮಾಡಿದರೆ ಏನು ಬದಲಾಗುತ್ತದೆ? ಕರಾವಳಿಯ ಮೇಷ್ಟ್ರು ಯಾರಾದರೂ ಇದನ್ನು ಎತ್ತಿಕೊಳ್ಳಲಿ ಅಂತ ನನಗೆ ತುಂಬ ಆಸೆ.

ಮುಂಚೆ ಯಾರು ಏನು ಮಾಡಿದ್ದಾರೆ ಅಂತ ಓದಿಕೊಳ್ಳುವುದೂ ಮುಖ್ಯ. ಅಮೆರಿಕದ ಮಿಡಲ್‌ಬರಿ ಕಾಲೇಜಿನ ಬೇಸಿಗೆ ಜಪಾನಿ ಶಾಲೆಗೆ ರಕುಗೊ ಕಲಾವಿದ ಯಾನಗಿಯ ಸಂಕ್ಯೋ ಹೋಗಿ ವಿದ್ಯಾರ್ಥಿಗಳಿಗೆ ಕಲಿಸಿದ್ದಾರೆ. ಅಲ್ಲಿ ಹತಾಸ ಕಜುಮಿ ಅವರ ಮುಂದಾಳುತನದಲ್ಲಿ ಕೊಬನಾಶಿಯನ್ನು ಪಾಠದ ಭಾಗವಾಗಿಯೇ ಬಳಸಿದರು. ನಿಮ್ಮದು ಅದಕ್ಕಿಂತ ಹೇಗೆ ಬೇರೆ ಅಂತ ಯಾರಾದರೂ ಕೇಳುತ್ತಾರೆ. ಉತ್ತರ ಮೊದಲೇ ಸಿದ್ಧವಿರಲಿ.

ನಗುವನ್ನು ಬರೆದಿಡುವುದು

ಎಲ್ಲಕ್ಕಿಂತ ಜಾಸ್ತಿ ಶ್ರಮ ಇಲ್ಲಿ ಹಾಕಿ. 'ವಿದ್ಯಾರ್ಥಿಗಳು ತುಂಬ ಖುಷಿಪಟ್ಟರು' ಎಂಬ ಸಾಲಿಗೆ ಸಮ್ಮೇಳನದಲ್ಲಿ ಮೂರು ಕಾಸಿನ ಬೆಲೆ ಇಲ್ಲ. ಯಾರು, ಯಾವಾಗ, ಹೇಗೆ ನಕ್ಕರು ಅನ್ನುವುದು ಬೇಕು.

ಮೊದಲು ಒಪ್ಪಿಗೆ ಪತ್ರ. ಯಾಕೆ ರೆಕಾರ್ಡ್ ಮಾಡುತ್ತೀರಿ, ಎಲ್ಲಿ ತೋರಿಸುತ್ತೀರಿ, ಹೆಸರು ಬಳಸುವುದಿಲ್ಲ, ಬೇಡ ಅಂದರೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಅಂತ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದು ಸಹಿ ಹಾಕಿಸಿಕೊಳ್ಳಿ. ಜಪಾನಿನವರು ಇದನ್ನು ದೋಯಿಶೊ ಅನ್ನುತ್ತಾರೆ. ಇದಿಲ್ಲದೆ ವಿದ್ಯಾರ್ಥಿಯ ಮುಖವನ್ನು ತೆರೆಯ ಮೇಲೆ ತೋರಿಸಲೇಬೇಡಿ.

ಆಮೇಲೆ ಎರಡು ಫೋನು. ಒಂದು ಹೇಳುವವರ ಕಡೆಗೆ, ಒಂದು ಕೇಳುವವರ ಕಡೆಗೆ. ಕೇಳುವವರ ಕಡೆಯ ವಿಡಿಯೊವೇ ನಿಮ್ಮ ಆಸ್ತಿ. ಕ್ಲಾಸು ಮುಗಿದ ರಾತ್ರಿಯೇ ಕೂತು ಒಂದು ಪಟ್ಟಿ ಮಾಡಿ. ಎಡಗಡೆ ವಿದ್ಯಾರ್ಥಿಗಳು, ಅ, ಆ, ಇ ಅಂತ. ಮೇಲೆ ಕಥೆಯ ಸಾಲುಗಳು. ಒಳಗೆ ಗುರುತು. ಕೊನೆಯ ಸಾಲಿಗೆ ಮುಂಚೆಯೇ ನಕ್ಕರೆ 'ಮು', ಸರಿಯಾದ ಹೊತ್ತಿಗೆ ನಕ್ಕರೆ 'ಸ', ತಡವಾಗಿ ನಕ್ಕರೆ 'ತ', ಪಕ್ಕದವರು ನಕ್ಕರು ಅಂತ ನಕ್ಕರೆ 'ಪ', ನಗದಿದ್ದರೆ ಖಾಲಿ.

'ಪ' ಹೇಗೆ ಗೊತ್ತಾಗುತ್ತದೆ? ಕಣ್ಣು ನೋಡಿ. ಅರ್ಥವಾದವನು ಕಥೆ ಹೇಳುವವನ ಮುಖ ನೋಡುತ್ತಾ ನಗುತ್ತಾನೆ. ಅರ್ಥವಾಗದವನು ಮೊದಲು ಪಕ್ಕದವನ ಕಡೆ ತಿರುಗಿ, ಆಮೇಲೆ ತುಟಿ ಅರಳಿಸುತ್ತಾನೆ. ವಿಡಿಯೊ ನಿಧಾನ ಮಾಡಿದರೆ ಇದು ಎದ್ದು ಕಾಣುತ್ತದೆ. ಅನುಮಾನ ಇದ್ದರೆ ಮಾರನೇ ದಿನ ಆ ವಿದ್ಯಾರ್ಥಿಯನ್ನು ಕೂರಿಸಿಕೊಂಡು ವಿಡಿಯೊ ತೋರಿಸಿ, 'ಇಲ್ಲಿ ಏನು ಅನ್ನಿಸಿತು?' ಅಂತ ಮೆಲ್ಲಗೆ ಕೇಳಿ. 'ಯಾಕೆ ನಗಲಿಲ್ಲ?' ಅಂತ ಕೇಳಬೇಡಿ. ಪರೀಕ್ಷೆ ಅನ್ನಿಸಿಬಿಡುತ್ತದೆ.

ಮಂಜೂ ಕಥೆಯಲ್ಲಿ 'ತ' ಬಿದ್ದವರನ್ನು ಮಾತಾಡಿಸಿ ನೋಡಿ, ಚಿನ್ನ ಸಿಗುತ್ತದೆ. ಪದಗಳೆಲ್ಲ ಗೊತ್ತಿದ್ದವು, ಆದರೆ ಅವನು ಭಯ ಅಂದದ್ದು ನಾಟಕ ಅಂತ ಹೊಳೆಯೋಕೆ ಎರಡು ಕ್ಷಣ ಬೇಕಾಯಿತು ಅನ್ನುತ್ತಾರೆ. ಆ ಎರಡು ಕ್ಷಣದಲ್ಲಿ ನಡೆದದ್ದೇ ನಿಮ್ಮ ಸಂಶೋಧನೆ.

ನಗುವಿನ ಪ್ರಮಾಣ ಅಳೆಯೋಕೆ ನಾನು ಭರತನ ನಾಟ್ಯಶಾಸ್ತ್ರವನ್ನೇ ಹಿಡಿಯುತ್ತೇನೆ. ಅಲ್ಲಿ ನಗುವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಅಂತ ಆರಾಗಿ ವಿಂಗಡಿಸಿದೆ. ಹಲ್ಲು ಕಾಣದ ಮುಗುಳ್ನಗೆ ಸ್ಮಿತ. ಹಲ್ಲು ಸ್ವಲ್ಪ ಕಂಡರೆ ಹಸಿತ. ದನಿ ಹೊರಟರೆ ವಿಹಸಿತ. ಹೀಗೆ ಕಣ್ಣಲ್ಲಿ ನೀರು ಬರುವವರೆಗೂ ಹೋಗುತ್ತದೆ. ವಿಡಿಯೊ ನೋಡಿ ಗುರುತು ಹಾಕೋಕೆ ಇದು ತುಂಬ ಅನುಕೂಲ. ಹೇಳಿದರೆ ಸಭೆಯವರೂ ಪೆನ್ನು ತೆಗೆಯುತ್ತಾರೆ.

ಒಂದೇ ಪಾಠ, ಎರಡು ಸಾರಾಂಶ

ಸಮ್ಮೇಳನಕ್ಕೆ ಮೊದಲು ಕಳಿಸುವುದು ಯೋಶಿ, ಅಂದರೆ ಸಾರಾಂಶ. ಒಪ್ಪಿದರೋ ಬಿಟ್ಟರೋ ಅನ್ನುವುದು ಇದರ ಮೇಲೆ ನಿಂತಿರುತ್ತದೆ. ಅದೇ ಮಂಜೂ ಪಾಠವನ್ನು ಎರಡು ಕಡೆಗೆ ಹೇಗೆ ಬರೆಯಬಹುದು ನೋಡಿ.

ಭಾಷಾ ಶಿಕ್ಷಕರಿಗೆ: 'ಕೊವಾಯ್ ಎಂಬ ವಾಕ್ಯರಚನೆಯನ್ನು ಅಭ್ಯಾಸದ ಹಾಳೆಯಿಂದ ಕಲಿತವರು ಅದನ್ನು ನಿಜವಾದ ಅರ್ಥದಲ್ಲಿ ಮಾತ್ರ ಬಳಸಿದರು. ರಕುಗೊ ಕಥೆಯ ಮೂಲಕ ಕಲಿತವರು ನಟನೆಯ ಅರ್ಥದಲ್ಲೂ ಬಳಸಿ ಹೊಸ ಕಥೆ ಕಟ್ಟಿದರು. ಯಾವ ಹಂತದಲ್ಲಿ ಈ ಬದಲಾವಣೆ ಆಯಿತು ಅನ್ನುವುದನ್ನು ತರಗತಿಯ ದಾಖಲೆಯಿಂದ ತೋರಿಸುತ್ತೇನೆ.' ಇಲ್ಲಿ ಕೇಳುಗರಿಗೆ ಬೇಕಾದದ್ದು ವಿದ್ಯಾರ್ಥಿ ಹೊಸದಾಗಿ ಏನು ಮಾಡಬಲ್ಲವನಾದ ಅನ್ನುವುದು. ನಿಮ್ಮ ದಾಖಲೆ ಬೇರೆ ಮಾತು ಹೇಳಿದರೆ ಅದನ್ನೇ ಬರೆಯಿರಿ.

ಹಾಸ್ಯ ಸಂಶೋಧಕರಿಗೆ: 'ಭಯ ಮತ್ತು ಬಯಕೆ ಎಂಬ ಎರಡು ವಿರುದ್ಧ ಚೌಕಟ್ಟುಗಳು ಒಂದೇ ಪದದಲ್ಲಿ ಕೂಡುತ್ತವೆ. ಪರಭಾಷೆಯ ಕೇಳುಗ ಒಂದರಿಂದ ಇನ್ನೊಂದಕ್ಕೆ ದಾಟಲು ತೆಗೆದುಕೊಳ್ಳುವ ಹೊತ್ತನ್ನು, ನಗು ತಡವಾದ ಕ್ಷಣಗಳಿಂದ ವಿವರಿಸುತ್ತೇನೆ.' ಇಲ್ಲಿ ಭಾಷಾವಿಜ್ಞಾನಿ ವಿಕ್ಟರ್ ರಾಸ್ಕಿನ್ 1985ರಲ್ಲಿ ಮುಂದಿಟ್ಟ ಸಿದ್ಧಾಂತ, ಅದನ್ನು 1991ರಲ್ಲಿ ಸಾಲ್ವತೋರೆ ಅತ್ತಾರ್ದೊ ಜೊತೆ ಸೇರಿ ವಿಸ್ತರಿಸಿದ ರೀತಿ ಗೊತ್ತಿರಬೇಕು. ಒಂದೇ ಮಾತು ಎರಡು ವಿರುದ್ಧ ಸನ್ನಿವೇಶಗಳಿಗೆ ಹೊಂದಿದಾಗ ಜೋಕು ಹುಟ್ಟುತ್ತದೆ ಅನ್ನುವುದು ಅದರ ತಿರುಳು. ಜಪಾನಿನ ಸಭೆಯಾದರೆ ಕತ್ಸುರ ಶಿಜಾಕು ಅವರನ್ನೂ ನೆನೆಯಿರಿ. 1939ರಿಂದ 1999ರವರೆಗೆ ಬಾಳಿದ ಈ ಕಲಾವಿದ ಇಂಗ್ಲಿಷಿನಲ್ಲಿ ರಕುಗೊ ಹೇಳುವುದಕ್ಕೆ ದಾರಿ ಮಾಡಿದವರು. ಬಿಗಿತ ಸಡಿಲವಾದಾಗ ನಗು ಬರುತ್ತದೆ ಅನ್ನುವುದು ಅವರ ವಿಚಾರ. ಒಸಾಕಾದಲ್ಲಿ ಈ ಮಾತಿಗೆ ತೂಕ ಇದೆ.

ಎರಡೂ ಕಡೆಗೆ ಒಂದೇ ಸಾರಾಂಶ ಕಳಿಸುವುದು ಮಾತ್ರ ಬೇಡ. ಹೊಸ ಪ್ರಶ್ನೆ ಇದ್ದರೆ ಮಾತ್ರ ಅದು ಹೊಸ ಪ್ರಬಂಧ. ಅಕ್ಷರಗಳ ಮಿತಿ, ಕೊನೇ ದಿನ, ಸದಸ್ಯತ್ವ ಬೇಕೋ ಬೇಡವೋ ಅನ್ನುವುದನ್ನು ಆಹ್ವಾನ ಪತ್ರದಲ್ಲಿ ಎರಡೆರಡು ಸಲ ಓದಿ. ಜಪಾನಿಯಲ್ಲಿ ಬರೆದಿದ್ದರೆ ಜಪಾನಿ ಮನೆಮಾತಿನವರೊಬ್ಬರಿಗೆ ತೋರಿಸಿ. ನಮ್ಮ ಬೆಂಗಳೂರಿನಲ್ಲಿ 2005ರಿಂದ ಜಪಾನ್ ಹಬ್ಬ ನಡೆಯುತ್ತಿದೆ. ಅಲ್ಲಿ ಓಡಾಡಿದರೆ ಓದಿ ತಿದ್ದಿಕೊಡುವ ಒಳ್ಳೆಯ ಮನಸ್ಸಿನವರು ಸಿಗುತ್ತಾರೆ.

ವೀಸಾ ವಿಷಯ ಬೇಗ ಮುಗಿಸುತ್ತೇನೆ. ಸಾರಾಂಶ ಒಪ್ಪಿದ ಪತ್ರ ಬಂದ ಕೂಡಲೇ ಸಂಘಟಕರಿಂದ ಆಹ್ವಾನದ ಕಾಗದ ಕೇಳಿ. ದಿನವಾರು ಎಲ್ಲೆಲ್ಲಿ ಇರುತ್ತೀರಿ ಅಂತ ಪಟ್ಟಿ ಮಾಡಿ. ಖರ್ಚಿಗೆ ನೆರವು ಸಿಗಬಹುದಾ ಅಂತ ದೆಹಲಿಯ ಜಪಾನ್ ಫೌಂಡೇಶನ್ ಕಚೇರಿಯವರನ್ನು ವಿಚಾರಿಸಿ.

ವೇದಿಕೆಯ ಮೇಲೆ

ಜೋಕನ್ನು ವಿವರಿಸಿ ಆಮೇಲೆ ಹೇಳಬೇಡಿ. ಮೊದಲು ಹೇಳಿ. ಜನ ನಗಲಿ, ನಗದಿರಲಿ, ಒಂದು ಉಸಿರಿನಷ್ಟು ಹೊತ್ತು ಸುಮ್ನೆ ನಿಲ್ಲಿ. ಆಮೇಲೆ ವಿಡಿಯೊ ತೋರಿಸಿ. ಬೆಂಗಳೂರಿನ ಒಬ್ಬ ಎಂಜಿನಿಯರ್ ಮಂಡಿಯೂರಿ ಕೂತು, ಬೀಸಣಿಗೆಯನ್ನೇ ಚಮಚ ಮಾಡಿಕೊಂಡು, ಜಪಾನಿಯಲ್ಲಿ ದೋಸೆ ಅಂದರೆ ಭಯ ಅನ್ನುವುದನ್ನು ನೋಡಿದ ಮೇಲೆ ನಿಮ್ಮ ಪಟ್ಟಿಯನ್ನು ಎಲ್ಲರೂ ಗಮನವಿಟ್ಟು ಓದುತ್ತಾರೆ. ವಿಡಿಯೊ ಒಂದು ನಿಮಿಷ ದಾಟದಿರಲಿ. ಕೆಳಗೆ ಜಪಾನಿ ಅಕ್ಷರದಲ್ಲಿ ಮಾತು ಬರೆದಿರಲಿ, ನಮ್ಮ ವಿದ್ಯಾರ್ಥಿಗಳ ಉಚ್ಚಾರ ಅವರ ಕಿವಿಗೆ ಹೊಸದು. ಒಂದು ಪ್ರತಿ ಪೆನ್‌ಡ್ರೈವಿನಲ್ಲೂ ಇಟ್ಟುಕೊಳ್ಳಿ.

20 ನಿಮಿಷ ಮಾತು, 10 ನಿಮಿಷ ಪ್ರಶ್ನೆ ಅಂತ ಲೆಕ್ಕ ಇಟ್ಟು ತಯಾರಾಗಿ, ನಿಖರ ಸಮಯ ಸಂಘಟಕರು ತಿಳಿಸುತ್ತಾರೆ. ಹೊತ್ತು ಮೀರಬೇಡಿ. ಹೊತ್ತು ಮುಗಿಯುತ್ತಾ ಬಂದಾಗ 'ಚಿನ್' ಅಂತ ಗಂಟೆ ಹೊಡೆಯುವುದು ಅಲ್ಲಿನ ವಾಡಿಕೆ. ಗಂಟೆ ಕೇಳಿದರೂ ಮಾತಾಡುತ್ತಾ ಹೋದರೆ, ಮುಂದಿನವರ ಪಾಲನ್ನು ನೀವು ತಿಂದ ಹಾಗೆ.

ಪ್ರಶ್ನೆಯ ಹೊತ್ತಿಗೆ ಕೆಲವು ಮಾತು ಕಂಠಪಾಠ ಇರಲಿ. 'ಗೊಶಿತ್ಸುಮೊನ್ ಅರಿಗತೋ ಗೊಜಾಯಿಮಸು' ಅಂತ ಪ್ರಶ್ನೆಗೆ ಥ್ಯಾಂಕ್ಸ್ ಹೇಳಿ ಉತ್ತರ ಶುರುಮಾಡಿ. ಪ್ರಶ್ನೆ ಅರ್ಥವಾಗದಿದ್ದರೆ ನಿಮಗೆ ತಿಳಿದಷ್ಟನ್ನು ನಿಮ್ಮ ಮಾತಿನಲ್ಲಿ ಹೇಳಿ, 'ತೊ ಯು ಕೊತೊ ದೆಶೋ ಕ' ಅಂತ ಸೇರಿಸಿ. ಇದೇ ತಾನೇ ನೀವು ಕೇಳಿದ್ದು ಅಂದ ಹಾಗೆ. ಯಾರಾದರೂ 'ಶಿರೋತೊ ಶಿತ್ಸುಮೊನ್ ದೆ ಕ್ಯೋಶುಕು ದೆಸು ಗ' ಅಂತ ಶುರುಮಾಡಿದರೆ ನೆಟ್ಟಗೆ ನಿಲ್ಲಿ. ಏನೂ ತಿಳಿಯದವನ ಪ್ರಶ್ನೆ, ಕ್ಷಮಿಸಿ ಅಂತ ಅದರ ಅರ್ಥ. ಆದರೆ ಹಾಗೆ ಕೇಳುವವರು ಬಹಳ ಸಲ ಆ ವಿಷಯದಲ್ಲಿ ಪಳಗಿದವರೇ. ಅವರ ಪ್ರಶ್ನೆಯನ್ನು ಪೂರ್ತಿ ಬರೆದುಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೆ 'ಕೊಂಗೊ ನೊ ಕದಾಯ್ ನಿ ಸಸೆತೆ ಇತದಕಿಮಸು', ಮುಂದಿನ ಕೆಲಸವಾಗಿ ಇಟ್ಟುಕೊಳ್ಳುತ್ತೇನೆ ಅಂದರೆ ಗೌರವಕ್ಕೆ ಕುಂದಿಲ್ಲ.

ಸಭೆ ಮುಗಿದ ಸಂಜೆ

ಕೊನ್‌ಶಿನ್‌ಕಾಯ್ ಅಂತ ಸಂಜೆ ಊಟದ ಕೂಟ ಇರುತ್ತದೆ. ದುಡ್ಡು ಉಳಿಸೋಣ ಅಂತ ತಪ್ಪಿಸಿಕೊಳ್ಳಬೇಡಿ. ಹಗಲು ಗಂಭೀರವಾಗಿ ಕೂತವರು ಅಲ್ಲಿ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಮೇಶಿ, ಅಂದರೆ ವಿಸಿಟಿಂಗ್ ಕಾರ್ಡು, ಧಾರಾಳವಾಗಿ ಒಯ್ಯಿರಿ. ಹೆಸರನ್ನು ಕತಕನ ಲಿಪಿಯಲ್ಲೂ ಅಚ್ಚು ಹಾಕಿಸಿ. ಎರಡು ಕೈಯಲ್ಲಿ ಕೊಡಿ, ಎರಡು ಕೈಯಲ್ಲಿ ತೆಗೆದುಕೊಳ್ಳಿ. ಸಸ್ಯಾಹಾರಿಗಳು ಹೊರಡುವ ಮೊದಲೇ ಸಂಘಟಕರಿಗೆ ತಿಳಿಸಿ, ತರಕಾರಿ ಮಾತ್ರ ಕಾಣುವ ಸಾರಿನಲ್ಲೂ ದಾಶಿ ಎಂಬ ಮೀನಿನ ರಸ ಇರಬಹುದು. ನೆನಪಿನ ಕಾಣಿಕೆಗೆ ಮೈಸೂರ್ ಸ್ಯಾಂಡಲ್ ಸೋಪು ಒಳ್ಳೆಯದು. ಕೆಡುವುದಿಲ್ಲ, ಚೀಲದಲ್ಲಿ ಮುರಿಯುವುದಿಲ್ಲ.

ಒಸಾಕಾದಲ್ಲಿದ್ದರೆ ತೆಂಮ ತೆಂಜಿನ್ ಹಂಜೋತೇಗೆ ಹೋಗಲೇಬೇಕು. ತೆಂಮಂಗು ದೇಗುಲದ ಪಕ್ಕದಲ್ಲೇ ಇದೆ. ದಿನನಿತ್ಯ ರಕುಗೊ ನಡೆಸುವುದಕ್ಕೆಂದೇ 2006ರಲ್ಲಿ ತೆರೆದ ರಂಗಮಂದಿರ. ಟೋಕಿಯೊದಲ್ಲಿದ್ದರೆ ಶಿಂಜುಕುವಿನ ಸುಎಹಿರೊತೇ ಅಥವಾ ಉಎನೊದ ಸುಜುಮೊತೊ. ಅಲ್ಲಿ ಕಲಾವಿದರ ಜೊತೆಗೆ ಪ್ರೇಕ್ಷಕರನ್ನೂ ನೋಡಿ. ಜಪಾನಿನವರೇ ಎಲ್ಲಿ ನಗುತ್ತಾರೆ, ಎಲ್ಲಿ ಬರೀ ಉಸಿರು ಬಿಡುತ್ತಾರೆ ಅಂತ ಗೊತ್ತಾದರೆ ನಿಮ್ಮ ಕ್ಲಾಸಿನ 'ಸ', 'ತ' ಗುರುತುಗಳನ್ನು ಇನ್ನೊಂದು ಕಣ್ಣಿನಿಂದ ನೋಡುತ್ತೀರಿ.

ಊರಿಗೆ ಬಂದ ವಾರದೊಳಗೆ ಕಾರ್ಡು ಕೊಟ್ಟವರಿಗೆಲ್ಲ ನಾಲ್ಕು ಸಾಲಿನ ಮೇಲ್ ಬರೆಯಿರಿ. ಪ್ರಶ್ನೆ ಕೇಳಿದವರಿಗೆ ಅವರ ಪ್ರಶ್ನೆಯನ್ನೇ ಎತ್ತಿ ಬರೆಯಿರಿ. ಆಮೇಲೆ ಪೂರ್ತಿ ಪ್ರಬಂಧಕ್ಕೆ ಕೂರಿ. ಬರೆದುಕೊಂಡ ಪ್ರಶ್ನೆಗಳನ್ನು ಒಂದರ ಕೆಳಗೆ ಒಂದು ಇಟ್ಟರೆ ಪ್ರಬಂಧದ ಚರ್ಚೆಯ ಭಾಗ ಅರ್ಧ ಸಿದ್ಧವಾದ ಹಾಗೆ. ಸಂಘದ ಪತ್ರಿಕೆಗೆ ಕಳಿಸುವ ಮುಂಚೆ ವಿಡಿಯೊದಲ್ಲಿರುವ ವಿದ್ಯಾರ್ಥಿಗಳಿಗೆ ಪ್ರಬಂಧ ತೋರಿಸಿ, ತಮ್ಮ ಬಗ್ಗೆ ಬರೆದ ಸಾಲುಗಳನ್ನು ಅವರೇ ಓದಿ ಸರಿ ಅನ್ನಲಿ.